ಎರಡು ತುದಿ ನೋಡಿ ವಯರು ಕೊಳ್ಳಿ

ಬೇಸಿಗೆ ರಜೆಯಲ್ಲಿ ಪುತ್ತಿಗೆಯ ನಮ್ಮ ಮನೆಯ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯಿತು. ಅಡಿಕೆ ಗೋಣಿಗಳ ಹಿಂದೆ ಸಿಕ್ಕಿಕೊಂಡಿದ್ದದ್ದು. ಒಳಗೆ ಹಳದಿಗಟ್ಟಿದ ಬಿಳಿ ಪ್ಲಾಸ್ಟಿಕ್ಕಿನ ಟಿವಿ ಗೇಮ್, ಎರಡು ರಿಮೋಟು, ಒಂದು ಗನ್ನು, ನಾಲ್ಕು ಕ್ಯಾಸೆಟ್. ತೊಂಬತ್ತರ ದಶಕದಲ್ಲಿ ದೊಡ್ಡಮಾವ ದುಬೈಯಿಂದ ಬರುವಾಗ ತಂದದ್ದು. ನಮಗೆಲ್ಲ ಬಾಲ್ಯ ಕೊಟ್ಟ ಪೆಟ್ಟಿಗೆ. ತಂಗಿಯ ಮಗ ಅದನ್ನು ಹಿಡಿದುಕೊಂಡು ಗೋಡೆಗೆ ತೂಗುಹಾಕಿದ ಹೊಸ ಟಿವಿಯ ಹಿಂದೆ ಇಣುಕಿದ. "ಮಾವಾ, ಇದನ್ನು ಎಲ್ಲಿಗೆ ಸಿಕ್ಕಿಸುವುದು? ಹಳದಿ ತೂತೇ ಇಲ್ಲವಲ್ಲ!"

ಇದೇ ಪ್ರಶ್ನೆ ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಇದೆ. ಮೂಡುಬಿದಿರೆ, ವೇಣೂರು, ಬೆಳ್ತಂಗಡಿ, ಬಂಟ್ವಾಳ, ಎಲ್ಲಿ ನೋಡಿದರೂ ಗಲ್ಫಿಗೆ ಹೋದವರೊಬ್ಬರಾದರೂ ಇರುವ ಕುಟುಂಬಗಳು. ಅವರು ತಂದ ಸಾಮಾನಿನಲ್ಲಿ ಟೇಪ್ ರೆಕಾರ್ಡರ್, ಅತ್ತರು, ಕಂಬಳಿಯ ಜೊತೆ ವಿಡಿಯೊ ಗೇಮೂ ಇರುತ್ತಿತ್ತು. ಪೆಟ್ಟಿಗೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಕಾಣೆಯಾಗಿರುವುದು ವಯರು. ಪೇಟೆಗೆ ಹೋಗಿ "ಗೇಮಿನ ವಯರು ಕೊಡಿ" ಎಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಮನೆಗೆ ಬಂದು ಸಿಕ್ಕಿಸಿದರೆ ಚಿತ್ರವಿಲ್ಲ. ಗೇಮು ಹಾಳಾಗಿದೆ ಎಂದುಕೊಂಡು ಗುಜರಿಗೆ ಹಾಕುತ್ತಾರೆ. ಹಾಗೆ ಗುಜರಿಗೆ ಹೋದ ಪೆಟ್ಟಿಗೆಗಳಲ್ಲಿ ಸರಿಯಿದ್ದವು ಎಷ್ಟೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ವಯರು ಕೊಳ್ಳುವ ಮೊದಲು ಅದರ ಎರಡು ತುದಿಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡಿ. ಒಂದು ತುದಿ ಗೇಮಿನ ಹಿಂಬದಿಗೆ, ಇನ್ನೊಂದು ಟಿವಿಯ ಹಿಂಬದಿಗೆ. ಗೇಮು ಏನು ಕೊಡುತ್ತದೆ, ಟಿವಿ ಏನು ತೆಗೆದುಕೊಳ್ಳುತ್ತದೆ ಎಂಬ ಎರಡೇ ಸಂಗತಿ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಗೇಮು ಕೊಡದ ಚಿತ್ರವನ್ನು ಯಾವ ವಯರೂ ತರಲಾರದು, ತುದಿಗೆ ಚಿನ್ನದ ಲೇಪ ಮಾಡಿದ್ದರೂ. ಮೊಬೈಲಿನಲ್ಲಿ ಎರಡೂ ಹಿಂಬದಿಗಳ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

ನಿಮ್ಮದು ಯಾವ ಪೆಟ್ಟಿಗೆ?

ನಮ್ಮಲ್ಲಿ ಅತಿ ಹೆಚ್ಚು ಸಿಗುವುದು "ಟಿವಿ ಗೇಮ್" ಎಂದೇ ಕರೆಯುತ್ತಿದ್ದ ಕ್ಯಾಸೆಟ್ ಪೆಟ್ಟಿಗೆ. ಮೂಲದಲ್ಲಿ ಇದು 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಫ್ಯಾಮಿಕಾಮಿನ ನಕಲು. ಭಾರತದಲ್ಲಿ ಸಮುರಾಯ್, ಮೀಡಿಯಾ ಮುಂತಾದ ಹೆಸರಿನಲ್ಲಿ ಈ ಬಗೆಯ ಗೇಮುಗಳು ಮಾರಾಟವಾದವು. ಹೆಸರೇ ಇಲ್ಲದವು ಇನ್ನೂ ಹೆಚ್ಚು. ಇವುಗಳ ಹಿಂಬದಿಯಲ್ಲೋ ಪಕ್ಕದಲ್ಲೋ ಒಂದು ಹಳದಿ ತೂತು, ಒಂದು ಬಿಳಿ ಅಥವಾ ಕೆಂಪು ತೂತು, ಕೆಲವಕ್ಕೆ ಆಂಟೆನಾ ವಯರಿನ ತೂತು ಇರುತ್ತವೆ. ಹಳದಿ ಚಿತ್ರಕ್ಕೆ, ಮತ್ತೊಂದು ಶಬ್ದಕ್ಕೆ. ಶಬ್ದ ಒಂದೇ ಇರುವುದರಿಂದ ಟಿವಿಯ ಬಿಳಿ ತೂತಿಗೆ ಹಾಕಿ. ಅನೇಕ ಟಿವಿಗಳಲ್ಲಿ ಅದರ ಕೆಳಗೆ "ಮೋನೊ" ಎಂದೂ ಬರೆದಿರುತ್ತದೆ.

ಈ ಜಾತಿಯ ಗೇಮಿಗೆ ಹಳದಿ ವಯರಿಗಿಂತ ಮೇಲಿನ ದಾರಿ ಇಲ್ಲ. ಅದರೊಳಗಿನ ಚಿಪ್ಪು ಚಿತ್ರವನ್ನು ತಯಾರಿಸುವಾಗಲೇ ಬಣ್ಣ ಮತ್ತು ಬೆಳಕು ಎರಡನ್ನೂ ಬೆರೆಸಿಯೇ ಹೊರಬಿಡುತ್ತದೆ. ಅಕ್ಕಿ, ಉದ್ದು ಒಟ್ಟಿಗೆ ಕಡೆದಾದ ಮೇಲೆ ಬೇರೆ ಮಾಡಿ ಎಂದರೆ ಹೇಗೆ? ಹಾಗಾಗಿ ಇದಕ್ಕೆ ಎಸ್-ವಿಡಿಯೊ ಬೇಕು, ಕಾಂಪೊನೆಂಟ್ ಬೇಕು ಎಂದು ಹುಡುಕಿ ದುಡ್ಡು ಕಳೆದುಕೊಳ್ಳಬೇಡಿ. ಒಳ್ಳೆಯದೊಂದು ಎವಿ ವಯರು ಸಾಕು.

ಸೆಗಾ ಕಂಪನಿಯ ಮೆಗಾ ಡ್ರೈವ್ 2 ಕೂಡ ಕೆಲವರ ಬಳಿ ಇದೆ. ತೊಂಬತ್ತರ ದಶಕದ ನಡುವೆ ಅದನ್ನು ಭಾರತದಲ್ಲಿ ಮಾರಿದ್ದು ಶಾ ವಾಲೇಸ್, ಮದ್ಯದಿಂದ ಹೆಸರಾದ ಕಂಪನಿ. ಇದರ ಹಿಂಬದಿಯಲ್ಲಿ 9 ಪಿನ್ನಿನ ಸಣ್ಣ ದುಂಡು ತೂತು. ಮೊದಲನೆಯ ಮೆಗಾ ಡ್ರೈವಿಗೆ 8 ಪಿನ್ನಿನ ದೊಡ್ಡದು. ಒಂದರ ವಯರು ಇನ್ನೊಂದಕ್ಕೆ ಹೋಗುವುದಿಲ್ಲ, ಅಡಾಪ್ಟರ್ ಸಹ ಬೇರೆ: ಮೊದಲನೆಯದರಲ್ಲಿ ಪಿನ್ನಿನ ನಡು ಋಣ, ಎರಡನೆಯದರಲ್ಲಿ ಧನ. ಎರಡೂ ಪೆಟ್ಟಿಗೆಗಳು ಹಳದಿ ವಯರಿನ ಮಿಶ್ರ ಚಿತ್ರವನ್ನೂ, ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿರುವ ಆರ್‌ಜಿಬಿಯನ್ನೂ ಕೊಡುತ್ತವೆ. ಯುರೋಪಿನವರು 21 ಪಿನ್ನಿನ ಸ್ಕಾರ್ಟ್ ವಯರಿನಲ್ಲಿ ಆ ಆರ್‌ಜಿಬಿಯನ್ನು ನೇರವಾಗಿ ಟಿವಿಗೆ ಹಾಕಿಕೊಂಡರು. ನಮ್ಮ ಪೇಟೆಯ ಟಿವಿಗಳಲ್ಲಿ ಸ್ಕಾರ್ಟ್ ತೂತು ಬರಲಿಲ್ಲ, ಹಾಗಾಗಿ ಆ ವಯರು ಯಾರಾದರೂ ಕಳಿಸಿಕೊಟ್ಟರೂ ಪರಿವರ್ತಕ ಇಲ್ಲದೆ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಚಿತ್ರ ಚೂಪಾದಷ್ಟೂ ಚೆಂದ ಎಂಬುದು ಎಲ್ಲ ಕಡೆ ನಿಜವಲ್ಲ. ಸೋನಿಕ್ ಆಟದ ಮೊದಲ ಹಂತದಲ್ಲಿ ಜಲಪಾತಗಳಿವೆ. ಆರ್‌ಜಿಬಿಯಲ್ಲಿ ನೋಡಿದರೆ ಅವು ಉದ್ದುದ್ದ ಗೆರೆಗಳಾಗಿ ಕಾಣುತ್ತವೆ. ಹಳದಿ ವಯರಿನಲ್ಲಿ ಆ ಗೆರೆಗಳು ಒಂದಕ್ಕೊಂದು ಕದಡಿ, ನೀರಿನ ಹಿಂದಿನ ಬಂಡೆ ಮಸುಕಾಗಿ ತೋರುತ್ತದೆ, ನಿಜವಾದ ನೀರಿನ ಹಾಗೆ. ಆಟ ಬರೆದವರು ಆ ಕಾಲದ ಮನೆಮನೆಯ ಟಿವಿಯನ್ನು ಕಣ್ಣೆದುರಿಟ್ಟುಕೊಂಡೇ ಬಣ್ಣ ಹಾಕಿದ್ದರು.

ಪ್ಲೇಸ್ಟೇಷನ್ 2 ಇರುವವರಿಗೆ

ಬಹಳ ಓದುಗರ ಮನೆಯಲ್ಲಿ ಇರುವುದು ಇದೇ ಇರಬಹುದು. ಜಪಾನಿನಲ್ಲಿ 2000ದಲ್ಲಿ ಬಂದು, 2013ರ ಹೊತ್ತಿಗೆ ತಯಾರಿಕೆ ನಿಂತ ಈ ಯಂತ್ರ ನಮ್ಮಲ್ಲಿ ಗೇಮ್ ಸೆಂಟರುಗಳಲ್ಲಿ ಗಂಟೆಗಿಷ್ಟು ಎಂದು ಓಡಿತು. ಹೈದರಾಬಾದಿನಲ್ಲಿ ತಯಾರಾದ "ಹನುಮಾನ್: ಬಾಯ್ ವಾರಿಯರ್" ಎಂಬ ಆಟವೂ 2009ರಲ್ಲಿ ಇದಕ್ಕಾಗಿ ಬಂತು.

ಪ್ಲೇಸ್ಟೇಷನ್ 1, 2, 3 ಮೂರರ ಹಿಂಬದಿಯಲ್ಲೂ ಒಂದೇ ಆಕಾರದ ಚಪ್ಪಟೆ ತೂತು ಇದೆ. ಆದ್ದರಿಂದ ಒಂದರ ಎವಿ ವಯರು ಇನ್ನೊಂದಕ್ಕೆ ಹೊಂದುತ್ತದೆ. ತೂತು ಒಂದೇ ಆದರೂ ಅದರಿಂದ ಹೊರಬರುವುದು ಒಂದೇ ಅಲ್ಲ. ಹಸಿರು, ನೀಲಿ, ಕೆಂಪು ಮೂರು ಚಿತ್ರದ ಪಿನ್ನುಗಳಿರುವ ಕಾಂಪೊನೆಂಟ್ ವಯರು 2ಕ್ಕೂ 3ಕ್ಕೂ ನಡೆಯುತ್ತದೆ, 1ಕ್ಕೆ ನಡೆಯುವುದಿಲ್ಲ.

ಪ್ಲೇಸ್ಟೇಷನ್ 2ಕ್ಕೆ ಕಾಂಪೊನೆಂಟ್ ವಯರು ಹಾಕಿದರೆ ಹಳದಿಗಿಂತ ಎಷ್ಟೋ ಪಾಲು ಸ್ವಚ್ಛ ಚಿತ್ರ. ಕೆಂಪು ಅಂಗಿಯ ಅಂಚಿನಲ್ಲಿ ಇರುವೆ ಹರಿದಂತೆ ಕಾಣುವ ಚುಕ್ಕಿಗಳು ಮಾಯವಾಗುತ್ತವೆ. ಆದರೆ ವಯರು ಹಾಕಿದ ಕೂಡಲೇ ಚಿತ್ರ ಪೂರ್ತಿ ಹಸಿರಾಗಿಯೋ ನೇರಳೆಯಾಗಿಯೋ ಬಂದರೆ ಹೆದರಬೇಡಿ, ವಯರನ್ನು ಹಿಂದಿರುಗಿಸಬೇಡಿ. ಡಿಸ್ಕ್ ಹಾಕದೆ ಯಂತ್ರ ಆನ್ ಮಾಡಿ, "ಸಿಸ್ಟಮ್ ಕಾನ್ಫಿಗರೇಶನ್" ಒಳಗೆ "ಕಾಂಪೊನೆಂಟ್ ವಿಡಿಯೊ ಔಟ್" ಎಂಬುದನ್ನು ನೋಡಿ. ಅದು "ಆರ್‌ಜಿಬಿ" ಎಂದಿದ್ದರೆ, "ವೈ ಸಿಬಿ/ಪಿಬಿ ಸಿಆರ್/ಪಿಆರ್" ಎಂಬ ಇನ್ನೊಂದಕ್ಕೆ ಬದಲಿಸಿ. ಬಣ್ಣ ಅಲ್ಲಿಯೇ ಸರಿಹೋಗುತ್ತದೆ. ಆ ಹಸಿರಿನಲ್ಲಿ ಅಕ್ಷರ ಓದಲು ಕಷ್ಟವಾದರೆ ಮೊದಲು ಹಳದಿ ವಯರಿನಲ್ಲಿ ಈ ಬದಲಾವಣೆ ಮಾಡಿ, ಆಮೇಲೆ ಕಾಂಪೊನೆಂಟ್ ಹಾಕಿ.

ಇದೇ ಯಂತ್ರಕ್ಕೆ ಸಣ್ಣ ಎಚ್‌ಡಿಎಂಐ ಅಡಾಪ್ಟರ್ ಕೂಡ ಬರುತ್ತದೆ, ಪೆನ್‌ಡ್ರೈವಿಗಿಂತ ಸ್ವಲ್ಪ ದೊಡ್ಡದು, ಹಿಂಬದಿಯ ತೂತಿಗೇ ಕೂರುತ್ತದೆ. ಅದು ಒಳಗೊಳಗೆ ತೆಗೆದುಕೊಳ್ಳುವುದು ಕಾಂಪೊನೆಂಟ್ ಚಿತ್ರವನ್ನೇ. ಹಾಗಾಗಿ ಮೇಲೆ ಹೇಳಿದ ಬದಲಾವಣೆ ಇದಕ್ಕೂ ಬೇಕು. ಹೊಸ ಟಿವಿ ಮಾತ್ರ ಇರುವವರಿಗೆ ಇದು ಅನುಕೂಲ. ಒಂದು ತೊಡಕು ಇದೆ. ಹಳೆಯ ಪ್ಲೇಸ್ಟೇಷನ್ 1ರ ಆಟಗಳನ್ನು ಇದರಲ್ಲಿ ಹಾಕಿದರೆ ಕೆಲವು ಟಿವಿಗಳು ಪೂರ್ತಿ ಕಪ್ಪಾಗುತ್ತವೆ. ಆ ಆಟಗಳು ಕಳಿಸುವ ಕಡಿಮೆ ಗೆರೆಯ ಚಿತ್ರವನ್ನು ಟಿವಿ ಒಪ್ಪುವುದಿಲ್ಲ. ಅವಕ್ಕಾಗಿ ಹಳದಿ ವಯರನ್ನು ಎಸೆಯದೆ ಇಟ್ಟುಕೊಳ್ಳಿ. ಪ್ಲೇಸ್ಟೇಷನ್ 3ರಲ್ಲಿ ಎಚ್‌ಡಿಎಂಐ ತೂತೇ ಇದೆ, ಸಾಮಾನ್ಯ ಎಚ್‌ಡಿಎಂಐ ವಯರು ಹಾಕಿ ಮುಗಿಸಿ.

ಟಿವಿಯ ಹಿಂಬದಿ

ಹೊಸ ಟಿವಿಗಳಲ್ಲಿ ಹಳದಿ ತೂತು ಇಲ್ಲವೆಂದು ಕಂಡರೂ ಎಷ್ಟೋ ಸಲ ಅದು ಬೇರೆ ವೇಷದಲ್ಲಿ ಇರುತ್ತದೆ. ಕೆಲವು ಟಿವಿಗಳಲ್ಲಿ ಕಾಂಪೊನೆಂಟಿನ ಹಸಿರು ತೂತೇ ಹಳದಿಯ ಕೆಲಸವನ್ನೂ ಮಾಡುತ್ತದೆ. ಅದರ ಸುತ್ತ ಅರ್ಧ ಹಸಿರು ಅರ್ಧ ಹಳದಿ ಬಳೆ ಇರುತ್ತದೆ, ಅಥವಾ "ವಿಡಿಯೊ" ಎಂಬ ಅಕ್ಷರ ಇರುತ್ತದೆ. ಹಳದಿ ಪಿನ್ನನ್ನು ಆ ಹಸಿರಿಗೆ ಹಾಕಿ, ರಿಮೋಟಿನಲ್ಲಿ "ಎವಿ" ಆರಿಸಿ. ತಪ್ಪಿ "ಕಾಂಪೊನೆಂಟ್" ಆರಿಸಿದರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ.

ಇನ್ನು ಕೆಲವು ಟಿವಿಗಳಲ್ಲಿ ಇಯರ್‌ಫೋನಿನಂಥ 3.5 ಮಿಲಿಮೀಟರಿನ ತೂತು, ಪಕ್ಕದಲ್ಲಿ "ಎವಿ ಇನ್" ಎಂದು ಬರೆದಿರುತ್ತದೆ. ಅದಕ್ಕೆ ಬೇಕಾದ ಗೇಣುದ್ದದ ವಯರು ಟಿವಿ ಕೊಂಡ ಪೆಟ್ಟಿಗೆಯೊಳಗೇ ಬಂದಿರುತ್ತದೆ. ಮೊದಲು ಥರ್ಮಾಕೋಲಿನ ಸಂದಿಯಲ್ಲಿ, ವಾರಂಟಿ ಕಾಗದದ ಕವರಿನಲ್ಲಿ ಹುಡುಕಿ. ಸಿಗದೆ ಹೊರಗೆ ಕೊಂಡಿರಾದರೆ ಎಚ್ಚರ: ಆ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ, ನಾಲ್ಕು ಲೋಹದ ಪಟ್ಟಿ ಇರುತ್ತವೆ, ಯಾವ ಪಟ್ಟಿಗೆ ಚಿತ್ರ, ಯಾವುದಕ್ಕೆ ಶಬ್ದ, ಯಾವುದು ಅರ್ತ್ ಎಂಬ ಕ್ರಮ ಎಲ್ಲ ಕಂಪನಿಗೂ ಒಂದೇ ಅಲ್ಲ. ಚಿತ್ರ ಬರದೆ ಸ್ಪೀಕರಿನಲ್ಲಿ ಗೊರ್ರೆಂಬ ಸದ್ದು ಬಂದರೆ ಹಳದಿ ಪಿನ್ನನ್ನು ಕೆಂಪು ತೂತಿಗೆ, ಕೆಂಪನ್ನು ಹಳದಿಗೆ ಅದಲುಬದಲು ಮಾಡಿ ನೋಡಿ. ಹಲವು ಸಲ ಇಷ್ಟರಲ್ಲೇ ಚಿತ್ರ ಬರುತ್ತದೆ. ಬಾರದಿದ್ದರೆ ಅರ್ತಿನ ಪಟ್ಟಿಯೇ ಬೇರೆ, ಆ ವಯರು ನಿಮ್ಮ ಟಿವಿಗೆ ಆಗದು.

ಎಚ್‌ಡಿಎಂಐ ಬಿಟ್ಟು ಬೇರೇನೂ ಇಲ್ಲದ ಟಿವಿಗೆ "ಎವಿ ಟು ಎಚ್‌ಡಿಎಂಐ" ಎಂಬ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಪರಿವರ್ತಕ ಬೇಕು. ಇಲ್ಲಿ ನಾನು ಒಂದು ಸಂಜೆ ಪೂರ್ತಿ ಕಳೆದೆ. ಪೇಟೆಯಿಂದ ತಂದ ಪೆಟ್ಟಿಗೆಗೆ ಎಲ್ಲ ವಯರು ಹಾಕಿದರೂ ಟಿವಿಯಲ್ಲಿ "ನೋ ಸಿಗ್ನಲ್". ಮೂರು ಸಲ ಕ್ಯಾಸೆಟ್ ತೆಗೆದು ಹಾಕಿದ್ದಾಯಿತು, ಅಡಾಪ್ಟರ್ ಬದಲಿಸಿದ್ದಾಯಿತು. ಕೊನೆಗೆ ಟಾರ್ಚ್ ಹಿಡಿದು ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದಿದಾಗ ಎಚ್‌ಡಿಎಂಐ ಕಡೆ "ಇನ್‌ಪುಟ್" ಎಂದಿತ್ತು. ಅಂಗಡಿಯಲ್ಲಿ ಕೊಟ್ಟದ್ದು ತಿರುಗುಮುರುಗಿನದು, ಹೊಸ ಸೆಟ್‌ಟಾಪ್ ಬಾಕ್ಸನ್ನು ಹಳೆಯ ಟಿವಿಗೆ ಹಾಕುವಂಥದ್ದು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ, ಅದೇ ನಾಲ್ಕು ತೂತು. ಹಳದಿ ತೂತಿನ ಬದಿಯಲ್ಲಿ "ಇನ್‌ಪುಟ್", ಎಚ್‌ಡಿಎಂಐ ಬದಿಯಲ್ಲಿ "ಔಟ್‌ಪುಟ್" ಎಂದು ಇದೆಯೇ ಎಂದು ಅಂಗಡಿಯಲ್ಲೇ ಓದಿ. ಇದಕ್ಕೆ ಯುಎಸ್‌ಬಿ ಕರೆಂಟೂ ಬೇಕು. ಟಿವಿಯ ಯುಎಸ್‌ಬಿ ತೂತಿನಿಂದ ಕೊಟ್ಟಾಗ ಚಿತ್ರ ಮಿನುಗಿದರೆ ಮೊಬೈಲ್ ಚಾರ್ಜರಿನಿಂದ ಕೊಡಿ.

ಇಂಥ ಅಗ್ಗದ ಪೆಟ್ಟಿಗೆಯಿಂದ ಆಟ ಕಾಣುತ್ತದೆ, ಆಡಲು ಅಷ್ಟು ಹಿತವಿಲ್ಲ. ಹಳೆಯ ಟಿವಿ ಚಿತ್ರದ ಬೆಸ ಗೆರೆಗಳನ್ನು ಒಮ್ಮೆ, ಸರಿ ಗೆರೆಗಳನ್ನು ಇನ್ನೊಮ್ಮೆ ಬರೆಯುತ್ತಿತ್ತು, ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ. ಹಳೆಯ ಗೇಮುಗಳು ಆ 50 ಸಲವೂ ಒಂದೇ ಗುಂಪಿನ ಗೆರೆಗಳ ಮೇಲೆ ಹೊಸ ಚಿತ್ರ ಬರೆಯುತ್ತವೆ. ಪರಿವರ್ತಕಕ್ಕೆ ಇದು ತಿಳಿಯದೆ, ಎರಡು ಚಿತ್ರಗಳನ್ನು ಕಾದು ಕೂಡಿಸಿ ಒಂದು ಮಾಡುತ್ತದೆ. ಕಾಯುವುದರಿಂದ ನೀವು ಬಟನ್ ಒತ್ತಿದ ಮೇಲೆ ಮಾರಿಯೊ ಹಾರುವುದು ತಡ. ಕೂಡಿಸುವುದರಿಂದ ಮಿನುಗಬೇಕಾದ್ದು ಮಿನುಗದು: ಕಾಂಟ್ರಾ ಆಟದಲ್ಲಿ ಸತ್ತು ಮತ್ತೆ ಬಂದವನು ಸ್ವಲ್ಪ ಹೊತ್ತು ಮಿಣಮಿಣ ಎನ್ನಬೇಕು, ಇಲ್ಲಿ ಅವನು ಬಾಚಣಿಗೆಯಿಂದ ಗೀರಿದ ಹಾಗೆ ಕಾಣುತ್ತಾನೆ. ಟಿವಿಯ ಸೆಟ್ಟಿಂಗಿನಲ್ಲಿ "ಗೇಮ್ ಮೋಡ್" ಹಾಕಿದರೆ ತಡ ಸ್ವಲ್ಪ ಕಡಿಮೆಯಾಗುತ್ತದೆ. ಚಿತ್ರದ ಆಕಾರ 4:3 ಇಡಿ, ಇಲ್ಲದಿದ್ದರೆ ಮಾರಿಯೊ ಡೊಳ್ಳುಹೊಟ್ಟೆಯವನಾಗುತ್ತಾನೆ. ಹಳೆಯ ಗೇಮುಗಳ ಗೆರೆ ಲೆಕ್ಕ ಬಲ್ಲ ರೆಟ್ರೋಟಿಂಕ್‌ನಂಥ ಒಳ್ಳೆಯ ಪರಿವರ್ತಕಗಳು ಇವೆ. ಹೊರದೇಶದಿಂದ ತರಿಸಬೇಕು, ದುಬಾರಿ. ವಾರಕ್ಕೊಮ್ಮೆ ಆಡುವವರಿಗೆ ನಾನು ಹೇಳುವುದಿಲ್ಲ.

ನಾನು ಹೇಳುವುದು ಡಬ್ಬಾ ಟಿವಿ ಉಳಿಸಿಕೊಳ್ಳಿ ಎಂದು. ಪಿಕ್ಚರ್ ಟ್ಯೂಬಿನ ಹಳೆಯ ಟಿವಿ, ಒಂದು ಹಳದಿ ವಯರು, ಇವೆರಡು ಸೇರಿದರೆ ಕ್ಯಾಸೆಟ್ ಗೇಮಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಗನ್ನಿನ ಬಾತುಕೋಳಿ ಆಟಕ್ಕಂತೂ ಬೇರೆ ಗತಿಯೇ ಇಲ್ಲ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಬಿಳಿ ಚೌಕ ಹೊಳೆಯುತ್ತದೆ. ಗನ್ನಿನ ಬಾಯಲ್ಲಿರುವ ಸಂವೇದಕ ಆ ಬೆಳಕು ಕಂಡರೆ ಗುಂಡು ತಗುಲಿತು ಎಂದರ್ಥ. ಟ್ಯೂಬಿನ ಟಿವಿ ಆ ಬೆಳಕನ್ನು ಗೇಮು ಕಳಿಸಿದ ಕ್ಷಣದಲ್ಲೇ ಹೊಳೆಯಿಸುತ್ತದೆ, ಎಲ್‌ಇಡಿ ಟಿವಿ ತಡಮಾಡುತ್ತದೆ, ಗನ್ನು ಅಷ್ಟು ಹೊತ್ತು ಕಾಯುವುದಿಲ್ಲ. ವಯರು ಬದಲಿಸಿ, ಪರಿವರ್ತಕ ಬದಲಿಸಿ, ಬಾತು ಬೀಳದು. ನಾವು ನೆರೆಮನೆಯ ಕೊಟ್ಟಿಗೆಯ ಮೂಲೆಯಿಂದ 21 ಇಂಚಿನದೊಂದನ್ನು ಇಬ್ಬರು ಸೇರಿ ಹೊತ್ತು ತಂದೆವು. ಅದರ ಮುಂಭಾಗದ ಮುಚ್ಚಳ ತೆರೆದರೆ ಹಳದಿ, ಬಿಳಿ ತೂತುಗಳು ಹೊಸದರಂತೆ ಇದ್ದವು. ಅಂಥ ಟಿವಿ ಕೆಟ್ಟರೆ ನೀವೇ ಬಿಚ್ಚಬೇಡಿ. ಟ್ಯೂಬಿನ ಮೇಲೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಕರೆಂಟು, ಪ್ಲಗ್ ತೆಗೆದ ಮೇಲೂ ಉಳಿದಿರುತ್ತದೆ. ಹಳೆಯ ಟಿವಿ ರಿಪೇರಿ ಮಾಡಿದ ಕೈಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇವೆ, ಅವರಿಗೆ ತೋರಿಸಿ.

ಅಂಗಡಿಯಲ್ಲಿ

ಎವಿ ವಯರಿನ ದಪ್ಪ ನೋಡಿ ಮೋಸಹೋಗಬೇಡಿ, ಪ್ಲಾಸ್ಟಿಕ್ಕನ್ನು ಎಷ್ಟು ದಪ್ಪ ಬೇಕಾದರೂ ಮಾಡಬಹುದು. ಚಿತ್ರದ ವಯರಿನೊಳಗೆ ನಡುತಂತಿಯ ಸುತ್ತ ಹೆಣೆದ ತಾಮ್ರದ ಬಲೆ ಇರಬೇಕು, ಕೇಬಲ್ ಟಿವಿಯ ವಯರಿನಲ್ಲಿ ಇರುವಂತೆ. 75 ಓಮ್ ಎಂದು ಬರೆದಿದ್ದರೆ ಒಳ್ಳೆಯದು. ಬಲೆ ಇಲ್ಲದ ವಯರನ್ನು ಮನೆಯಲ್ಲಿ ಕಿವಿಯಿಂದಲೇ ಗುರುತಿಸಬಹುದು: ಪರದೆ ಬಿಳಿಯಾದಾಗ ಗುಂಯ್‌ಗುಡುವಿಕೆ ಹೆಚ್ಚಾಗಿ, ಕಪ್ಪಾದಾಗ ಇಳಿದರೆ, ಚಿತ್ರ ಶಬ್ದದ ತಂತಿಗೆ ಸೋರುತ್ತಿದೆ. ಪಿನ್ನು ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಒಂದೂವರೆ ಎರಡು ಮೀಟರ್ ಸಾಕು. ಮಂಗಳೂರಿನ ಹಂಪನಕಟ್ಟೆಯ ಸುತ್ತ ಸಿಗದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗಬಹುದು, ಅತ್ತ ಹೋಗುವವರ ಕೈಗೆ ಫೋಟೊ ಕೊಟ್ಟು ಕಳಿಸಿ.

ಅಮೆರಿಕದಿಂದಲೋ ಜಪಾನಿನಿಂದಲೋ ಬಂದ ಗೇಮಾದರೆ ವಯರಿಗಿಂತ ಮೊದಲು ಅಡಾಪ್ಟರಿನ ಮೇಲಿನ ಅಂಕಿ ಓದಿ. 120 ಅಥವಾ 100 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದ ಕ್ಷಣ ಸುಟ್ಟಿತು. ಚಿತ್ರ ಬಂದು ಬಣ್ಣ ಬಾರದಿದ್ದರೆ ಟಿವಿಯ ಮೆನುವಿನಲ್ಲಿ ಬಣ್ಣದ ಪದ್ಧತಿಯನ್ನು "ಆಟೊ" ಅಥವಾ "ಎನ್‌ಟಿಎಸ್‌ಸಿ" ಮಾಡಿ. ಜಪಾನಿನ ಮೊದಲ ಫ್ಯಾಮಿಕಾಮಿಗೆ ಆಂಟೆನಾ ವಯರು ಬಿಟ್ಟರೆ ಬೇರೆ ದಾರಿ ಇಲ್ಲ, ಅದು ಕಳಿಸುವ ಚಾನೆಲ್ 91 ಮತ್ತು 97 ಮೆಗಾಹರ್ಟ್ಸ್ ಹತ್ತಿರ, ನಮ್ಮಲ್ಲಿ ಎಫ್‌ಎಂ ರೇಡಿಯೊ ಇರುವ ಜಾಗ. ಹಾಗಾಗಿ ನಮ್ಮ ಟಿವಿಯಲ್ಲಿ ಎಷ್ಟು ಟ್ಯೂನ್ ಮಾಡಿದರೂ ಸಾಮಾನ್ಯವಾಗಿ ಸಿಗದು.

ಇನ್ನು ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಊರು ಇದು. ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಹೊಸ ವಯರೂ ಕೆಲಸ ಮಾಡದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ, ಗೇಮಿನ ತೂತು, ಕ್ಯಾಸೆಟ್ಟಿನ ತಾಮ್ರದ ಹಲ್ಲು ಎರಡನ್ನೂ ಒರೆಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ನಾವು ಮಕ್ಕಳಾಗಿದ್ದಾಗ ಕ್ಯಾಸೆಟ್ಟಿಗೆ ಉಫ್ ಎಂದು ಊದುತ್ತಿದ್ದೆವು, ಆ ಉಗುಳಿನ ತೇವವೇ ಕಿಲುಬಿಗೆ ದಾರಿ. ಸಿಡಿಲಿನ ದಿನಗಳಲ್ಲಿ, ಮೇ ತಿಂಗಳ ಸಂಜೆಯಾಗಲಿ ಅಕ್ಟೋಬರಿನದಾಗಲಿ, ಮೋಡ ಗುಡುಗುವ ಮೊದಲೇ ಪ್ಲಗ್ಗನ್ನೂ ಡಿಶ್ಶಿನ ವಯರನ್ನೂ ತೆಗೆಯಿರಿ. ಡಿಶ್ಶಿನಿಂದ ಟಿವಿಗೆ ಇಳಿದ ಸಿಡಿಲು ಎವಿ ವಯರಿನಲ್ಲಿ ಗೇಮಿಗೂ ಬರುತ್ತದೆ.

ಆಟ ಮುಗಿದ ಮೇಲೆ ವಯರನ್ನು ಅಂಗೈಯಗಲದ ಸುರುಳಿ ಮಾಡಿ, ಪಿನ್ನಿನ ಬುಡದಲ್ಲಿ ಮಡಿಸದೆ, ಗೇಮಿನ ಪೆಟ್ಟಿಗೆಯೊಳಗೇ ಇಡಿ. ಯಾವ ಗೇಮಿನದು, ಯಾವ ಟಿವಿಯಲ್ಲಿ ಯಾವ ತೂತಿಗೆ ಹಾಕಿದ್ದು ಎಂದು ಒಂದು ಚೀಟಿ ಬರೆದು ಸುರುಳಿಗೆ ಕಟ್ಟಿ. ನಮ್ಮ ಪೆಟ್ಟಿಗೆಯ ಚೀಟಿಯನ್ನು ತಂಗಿಯ ಮಗ ಬರೆದ: "ಹಳದಿಗೆ ಹಳದಿ, ಬಿಳಿಗೆ ಬಿಳಿ, ಕೊಟ್ಟಿಗೆ ಟಿವಿ."